ಮದುಮಗನ ಮುಖದ ಮೇಲಿನ ಕತ್ತಲೆ

"ಯಾರ್ರೀ ಇಲ್ಲಿ ಅಂಜನ್‌ಕುಮಾರ್?"

ಗುಬ್ಬಿಯ ಆ ಮನೆಯ ಜಗಲಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದವನು ತಲೆಯೆತ್ತಿದ. ದನಿ ಚೆನ್ನಾಗಿ ಗೊತ್ತು... ಮುಖ ನೋಡಿದ್ದು ಇವತ್ತೇ!

"ಬಿಂದು...? ನೀವಾ? ಬನ್ನಿ, ಕೂತ್ಕೊಳ್ಳಿ..."

"ಕೂರೋಕೆ ಬಂದಿಲ್ಲ ನಾನು!" ಬಿಂದುಶ್ರೀ ತನ್ನ ರೀಲ್ ಕ್ಯಾಮೆರಾನ ಅವನೆದುರು ಕುಕ್ಕಿದಳು.

ಮರಳೂರಿನಲ್ಲಿ ಪುಟ್ಟ ಸ್ಟುಡಿಯೋ ಇಟ್ಟವಳು ಅವಳು. ಅವನಿಗೆ ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಯಲ್ಲಿ ಕೆಲಸ, ರಜೆ ದಿನ ಹಳೇ ಕ್ಯಾಮೆರಾಗಳ ರಿಪೇರಿ. ಕ್ಯಾಮೆರಾ ಬಸ್ಸಲ್ಲಿ ಹೋಗಿ ಬಂದಿತ್ತು, ಮಾತೆಲ್ಲ ಫೋನಲ್ಲೇ. ರಿಪೇರಿ ಮುಗಿದರೂ ಫೋನು ನಿಂತಿರಲಿಲ್ಲ. ಯಾಕೆ ಅಂತ ಇಬ್ಬರಿಗೂ ಗೊತ್ತು, ಬಾಯಿ ಬಿಟ್ಟು ಹೇಳಿದವರಿಲ್ಲ. ಕಳ್ಳರು!

ಈಗ ನೋಡಿ, ಮೊದಲ ಭೇಟಿಯೇ ಹಿಂಗೆ.

ಅವಳು ಫೋಟೋಗಳನ್ನು ಹರವಿದಳು. ಗೆಳತಿ ಸಂಧ್ಯಾಳ ಮದುವೆ, ಹುಲಿಯೂರುದುರ್ಗದ ಹಗಲು ಬಿಸಿಲು. ಎಲ್ಲದರಲ್ಲೂ ಸಂಧ್ಯಾ ಫಳಫಳ ಹೊಳೀತಿದ್ದಳು. ಪಕ್ಕದಲ್ಲಿ, ಫೋಟೋದ ಅಂಚಿಗೆ ನಿಂತ ಗಂಡಿನ ಮುಖದ ಮೇಲೆ ಮಾತ್ರ ಕಪ್ಪು ನೆರಳು!

"ಅವಳ ಅತ್ತೆ ಏನಂತಾವ್ರೆ ಗೊತ್ತಾ? 'ಇವಳ ಕಾಲ್ಗುಣ, ನನ್ನ ಮಗನ ಮೇಲೆ ಕತ್ತಲೆ ಬಿತ್ತು' ಅಂತ! ತವರಿಗೆ ಕಳಿಸ್ತೀನಿ ಅಂತ ಹಠ ಹಿಡಿದು ಕೂತವ್ರೆ! ಬೆಳಕು ಒಳಬಿಡೋ ಶಟರ್ ಸರಿಯಿದೆ ಅಂದಿದ್ರಲ್ಲ ನೀವು?"

"ಸರಿಯಿದೆ ಕಣ್ರೀ. ನಾನೇ ಕೂತು ಕಟ್ಟಿದ ಟೆಸ್ಟರ್‌ನಲ್ಲಿ ನೋಡಿದೀನಿ. ನಿಮಗೆ ಲೈಟ್ ಅಳೆಯೋಕೆ ಬರಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಬರಲ್ವಾ?!

'ಇವನನ್ನಾ ನಾನು ಇಷ್ಟು ದಿನ...? ಥೂ!' ಕಣ್ಣು ತುಂಬಿತು. ತುಂಬಿದ್ದಕ್ಕೆ ಇನ್ನೂ ಸಿಟ್ಟು ಬಂತು.

"ತೋರಿಸಿ ನಿಮ್ಮ ಟೆಸ್ಟರು!"

ಒಂದು ಹಲಗೆ. ಅದರ ಈ ತುದಿಗೆ ರಬ್ಬರ್‌ಬ್ಯಾಂಡ್ ಸುತ್ತಿದ ಲೇಸರ್ ಟಾರ್ಚು, ಆ ತುದಿಗೆ ಬೆಳಕು ಹಿಡಿಯೋ ಸೆನ್ಸರು, ಅದರಿಂದ ಲ್ಯಾಪ್‌ಟಾಪಿಗೆ ಹಳೇ ಇಯರ್‌ಫೋನ್ ವೈರು. ನಡುವೆ ಅವನು ಕ್ಯಾಮೆರಾನ ಲೆನ್ಸ್ ಬಿಚ್ಚಿ, ಹಿಂಬದಿ ತೆಗೆದು ಇಟ್ಟ. ಕ್ಲಿಕ್! ಶಟರ್ ತೆರೆದಿದ್ದಷ್ಟು ಹೊತ್ತು ಲೇಸರ್ ದಾಟಿ ಹೋಗಿ ಸ್ಕ್ರೀನ್ ಮೇಲೆ ಗೆರೆ ಎದ್ದಿತು. ಗೆರೆಯ ಅಗಲ ನೋಡಿದರೆ ಶಟರಿನ ವೇಗ ತಿಳಿಯುತ್ತದೆ.

"ನೋಡಿ, ಕರೆಕ್ಟು!"

"ನಟ್ಟನಡುವೆ ಯಾಕೆ ಬಿಟ್ರಿ ಲೇಸರ್ನ? ಫೋಟೋದಲ್ಲಿ ಗಂಡು ನಡುವೆ ನಿಂತವ್ನಾ? ಅಂಚಿಗೆ ಸರಿಸಿ!"

"ಎಲ್ಲಾ ಕಡೆ ಒಂದೇ ಕಣ್ರೀ..."

"ಸರಿಸ್ತೀರೋ ಇಲ್ವೋ!"

ಸರಿಸಿದ. ಕ್ಲಿಕ್.

ಗೆರೆ ಅರ್ಧಕ್ಕರ್ಧ ತೆಳ್ಳಗಾಗಿತ್ತು!

ಅವನ ಮುಖ ಬಿಳಿಚಿತು. "ಶಟರಿಗೆ ಎರಡು ಪರದೆ, ಮುಂದಿನದು ತೆರೆಯುತ್ತೆ, ಹಿಂದಿನದು ಮುಚ್ಕೊಂಡು ಬರುತ್ತೆ... ಅಂಚಿಗೆ ಬರೋವಷ್ಟ್ರಲ್ಲಿ ಹಿಂದಿನದು ಮುಂದಿನದರ ಹತ್ತಿರಕ್ಕೇ ಬಂದು ನಡುವಿನ ಸಂದು ಕಿರಿದಾಗ್ತಿದೆ. ಬೆಳಕು ಅಲ್ಲಿ ಅರ್ಧಾನೇ ಬೀಳ್ತಿದೆ. ನಾನು ನಡುವೆ ಮಾತ್ರ ನೋಡಿ ಕಳಿಸ್ಬಿಟ್ಟೆ..."

"ಇದನ್ನ ನನಗಲ್ಲ, ಹುಲಿಯೂರುದುರ್ಗಕ್ಕೆ ಬಂದು ಹೇಳಿ!"

ಅವನು ಹಲಗೆ ಎತ್ತಿಕೊಂಡು ಬೈಕ್ ತೆಗೆದ.

ಅಲ್ಲಿ ಸಂಧ್ಯಾಳ ಅತ್ತೆ ಸಿದ್ದಲಕ್ಷ್ಮಮ್ಮನ ಎದುರಿಗೆ ಎರಡೂ ಗೆರೆ ತೋರಿಸಿದ. "ಅಮ್ಮಾ, ಕತ್ತಲೆ ತಂದಿದ್ದು ನಿಮ್ಮ ಸೊಸೆ ಅಲ್ಲ, ನಾನು. ಬಿಂದು ಕೆಲಸದಲ್ಲೂ ತಪ್ಪಿಲ್ಲ. ಬೈಯೋದಿದ್ರೆ ನನ್ನ ಬೈರಿ."

ಆಯಮ್ಮ ಬಿಡ್ತಾರಾ? "ಏನ್ಲಾ, ನನ್ನ ಮನೆ ಒಡೀತಿದ್ಯಲ್ಲೋ!" ಅಂತ ಮನಸಾರೆ ಜಾಡಿಸಿದರು. ಆಮೇಲೆ ಒಳಗೆ ತಿರುಗಿ, "ಸಂಧ್ಯಾ... ಬಟ್ಟೆ ಗಂಟು ಬಿಚ್ಚವ್ವ, ಎಲ್ಲೂ ಹೋಗ್ಬೇಡ. ಇವ್ರಿಗೆ ಊಟಕ್ಕಿಡು" ಅಂದರು.

ಊಟ ಮುಗಿಸಿ ಬೈಕಿನ ಹತ್ತಿರ ಬಂದಾಗ ಅಂಜನ್ ಮೆಲ್ಲಗೆ ಕೇಳಿದ. "ಸಿಟ್ಟು ಹೋಯ್ತಾ?"

"ಇಲ್ಲ! ನಂಗೆ ಕೆಲಸ ಬರಲ್ಲ ಅಂದ್ಯಲ್ಲೋ!" ಯಾವಾಗ ಏಕವಚನಕ್ಕೆ ಬಂದಳೋ ಅವಳಿಗೇ ತಿಳಿಯಲಿಲ್ಲ. "ಬೇರೆ ಯಾರಾದ್ರೂ ಅಂದಿದ್ರೆ ಉಗಿದು ಹೋಗ್ತಿದ್ದೆ. ನೀನು ಅಂದೆ, ಅದಕ್ಕೇ ಅಳು ಬಂತು. ನಿನ್ನ ಪ್ರೀತ್ಸಿ ಹಾಳಾದೆ ನಾನು!"

"ಏನಂದೆ...?"

"ಕಿವುಡನಾ? ಇನ್ನೊಂದ್ಸಲ ಹೇಳಲ್ಲ!"

"ಬೇಡ, ನಾನೇ ಹೇಳ್ತೀನಿ. ನಂಗೂ ನಿನ್ನ ಮೇಲೆ ಪ್ರಾಣ ಕಣೇ. ತಪ್ಪಾಯ್ತು... ಈ ಸಿಟ್ಟು ಇಳಿಯೋ ತನಕ ನಿನ್ನ ಜೊತೆಗೇ ಇರ್ತೀನಿ."

ಅವಳು ಅವನ ಕೈ ಗಟ್ಟಿಯಾಗಿ ಹಿಡಿದಳು.

"ಹಂಗಾದ್ರೆ ಈ ಜನ್ಮದಲ್ಲಿ ಇಳಿಯಲ್ಲ ಬಿಡು!"