ನನ್ನ ಮಗ್ಗುಲಿನ ಗಾಳಿಕಿಂಡಿ

ವರ್ನರ್‌ನ ಮೊದಲ ಹೆಂಡತಿ ಇಂಗಾ ತೀರಿಕೊಂಡ ಮೇಲೆ ನಾನು ಕೆನಡಾದ ಈ ಸಸ್ಕ್ಯಾಚುವಾನ್ ಮನೆಗೆ ಎರಡನೆಯವಳಾಗಿ ಬಂದೆ. ಆ ಅಕ್ಟೋಬರಿನಲ್ಲಿ ಚಳಿಗೆ ಮುಂಚೆ ನೆಲಮಾಳಿಗೆಗಿಳಿದು, ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸಿನ, ಗಾಳಿಯ ಧೂಳು ಸೋಸುವ ಹಳೆಯ ಫಿಲ್ಟರ್ ತೆಗೆದೆ. ಅದರ ಅಂಚಿನಲ್ಲಿ ಬದಲಿಸಿದ ತಾರೀಖು ಇಂಗಾಳ ದುಂಡು ಅಕ್ಷರದಲ್ಲಿತ್ತು. ಹೊಟ್ಟೆ ಉರಿದು ಅದನ್ನು ಮುರಿದೆಸೆದೆ. ಹೊಸದರ ಮೇಲೆ ನನ್ನ ಹೆಸರನ್ನೇ ದೊಡ್ಡದಾಗಿ ಬರೆದೆ.

ಫರ್ನೇಸ್ ಹೊತ್ತಿದಾಗ ಧೂಳು ಸುಟ್ಟ ವಾಸನೆಯ ಬದಲು ಏಲಕ್ಕಿ ಬನ್ನಿನ ಘಮ ಬಂತು.

“ಇಂಗಾ ಬೇಯಿಸ್ತಿದ್ದ ಬನ್ನೇ ಕಣೇ ಇದು!” ಎಂದು ವರ್ನರ್ ಮೂಗರಳಿಸಿದ.

“ಹಾಗಾದ್ರೆ ಅವಳ ಹತ್ರಾನೇ ಹೋಗಿ ತಿನ್ನು,” ಎಂದೆ.

ಮನೆಯೆಲ್ಲ ಬಿಸಿಯಾಯಿತು. ಮಂಚದ ಎರಡೂ ಬದಿಗೆ ಫರ್ನೇಸಿನ ಬಿಸಿಗಾಳಿ ಬರುವ ಕಿಂಡಿಗಳಿದ್ದವು, ನನ್ನ ಮಗ್ಗುಲಿನ ಗಾಳಿಕಿಂಡಿಯಲ್ಲಿ ಮಾತ್ರ ತಣ್ಣನೆಯ ಗಾಳಿ. ರಿಪೇರಿಯವನು ಕೊಳವೆ ಬಿಚ್ಚಿ ನೋಡಿದ, ಏನೂ ಅಡ್ಡವಿರಲಿಲ್ಲ. ಕೊನೆಗೆ ವರ್ನರ್ ತನ್ನ ಮಗ್ಗುಲು ನನಗೆ ಕೊಟ್ಟು ಆ ಕಡೆ ಮಲಗಿದ. ಬೆಳಿಗ್ಗೆ ಈಗ ಅವನು ಮಲಗಿದ್ದ ಕಡೆಯ ಕಿಂಡಿ ಬೆಚ್ಚಗಿತ್ತು. ತಣ್ಣನೆಯ ಗಾಳಿ ನನ್ನ ಕಡೆಗೆ ಬಂದಿತ್ತು.