ಒಂದು ಹೆಸರು ಕಡಿಮೆ

ವಧುಗಳ ಪಟ್ಟಿ ಬೇಕೆಂದು ತ್ರಿಶಲಾ ಕಮಾಂಡ್ ಕೊಟ್ಟಳು. ಪರದೆಯ ಮೇಲೆ ಹೆಸರುಗಳು ಸರಸರನೆ ಓಡಿದವು. ಕೊನೆಗೆ ಬಂದದ್ದೇ ತಡ, ಎಲ್ಲ ನಿಂತುಬಿಟ್ಟಿತು. ಯಾವ ಕೀ ಒತ್ತಿದರೂ ಅಲುಗಾಡಲಿಲ್ಲ. ಬೆಳಗಿನಿಂದ ಇದೇ ಗೋಳು.

ಅದು ೧೯೯೯. ಗೋಕಾಕದ ಆ ಜೈನ ವಧು-ವರ ಕೇಂದ್ರವೆಂದರೆ ಒಂದು ಕೋಣೆ, ಒಂದು ಹಳೆಯ ಕಂಪ್ಯೂಟರ್, ಇಬ್ಬರೇ ಮನುಷ್ಯರು. ಕೇಂದ್ರ ನಡೆಸುವ ಶ್ರೀಪಾಲ ಕಾಕಾ ಹೆಂಡತಿಯನ್ನು ಕಳೆದುಕೊಂಡವರು. ಕಂಪ್ಯೂಟರ್ ನೋಡಿಕೊಳ್ಳುವ ತ್ರಿಶಲಾಗೆ ಮೂವತ್ತೆಂಟು, ಮದುವೆಯಾಗಿರಲಿಲ್ಲ. ಮಧ್ಯಾಹ್ನ ಘೋಡಗೇರಿಯಿಂದ ವರನ ಕಡೆಯವರು ಪಟ್ಟಿ ನೋಡಲು ಬರುವವರಿದ್ದರು.

ರಿಪೇರಿಯ ಗೊಮ್ಮಟೇಶ ಮೂಡಲಗಿಯಿಂದ ಬಂದ.

"ಕರೆಂಟ್ ಹೋಗಿತ್ತೇನ್ರಿ ಅಕ್ಕಾರ?"

"ಇಲ್ಲ. ನಿನ್ನೆ ಸಂಜಿಕ ನಾ ಮನಿಗೆ ಹೋಗೂತನ ಛಲೋ ಇತ್ತು."

ಫ್ಲಾಪಿಯಿಂದ ಪ್ರೋಗ್ರಾಮನ್ನು ಹೊಸದಾಗಿ ಹಾಕಿದ. ಮತ್ತೆ ಅಲ್ಲೇ ನಿಂತಿತು. ವರರ ಪಟ್ಟಿ ಕೇಳಿದ — ಪೂರ್ತಿ ಬಂತು!

"ಅಂದ್ರ ಕೆಟ್ಟದ್ದು ಪ್ರೋಗ್ರಾಂ ಅಲ್ಲ, ವಧುಗಳ ಫೈಲು. ಇದನ್ನ ಯಾರ್ಯಾರು ಮುಟ್ತಾರ?"

"ನಾ ಒಬ್ಬಾಕಿನ. ಕಾಕಾರಿಗೆ ಕಮಾಂಡ್ ಬರೂದಿಲ್ಲ. ಪತ್ರ ಅಷ್ಟ ಟೈಪ್ ಮಾಡ್ತಾರ."

"ಸಾಕ್ ಬಿಡಪಾ," ಎಂದರು ಕಾಕಾ. "ಕೈಲೆ ಬರದು ಕೊಟ್ರಾತು."

ಗೊಮ್ಮಟೇಶ ಕೇಳಿಸಿಕೊಳ್ಳಲಿಲ್ಲ. ಫೈಲನ್ನು ಬಹಳ ಹೊತ್ತು ನೋಡಿದ. ಏನನ್ನೋ ತಿದ್ದಿದ. ಪಟ್ಟಿ ತಡೆಯಿಲ್ಲದೆ ಕೊನೆ ಮುಟ್ಟಿತು.

"ಫೈಲಿನ ತಲಿಮ್ಯಾಗ ಒಟ್ಟು ಎಷ್ಟು ಹೆಸರು ಅಂತ ಲೆಕ್ಕ ಇರ್ತೈತಿ. ಹೆಸರು ಒಂದು ಕಮ್ಮಿ ಆಗೇತಿ, ಲೆಕ್ಕ ಹಂಗ ಉಳದೇತಿ. ಇಲ್ಲದ ಹೆಸರು ಹುಡುಕಾಕ ಹೋಗಿ ಪ್ರೋಗ್ರಾಂ ನಿಂದ್ರಾಕತ್ತಿತ್ತು. ಓದ್ರಿ ಅಕ್ಕಾರ — ಯಾರ ಹೆಸರಿಲ್ಲ?"

ತ್ರಿಶಲಾಳ ಬೆರಳು ಪರದೆಯ ಮೇಲೆ ಇಳಿಯಿತು. ಮತ್ತೆ ಮೇಲಕ್ಕೆ ಹೋಯಿತು.

"ನಂದ ಇಲ್ಲ."

"ಬ್ಯಾಸರಾಗಿ ನೀನ ತಗದಿಯೇನವಾ?" ಕಾಕಾ ನೆಲ ನೋಡುತ್ತ ಕೇಳಿದರು.

"ಅಕ್ಕಾರ ತಗದಿದ್ರ ಕಮಾಂಡ್ ಕೊಟ್ಟ ತಗೀತಿದ್ರು," ಎಂದ ಗೊಮ್ಮಟೇಶ. "ಲೆಕ್ಕಾನೂ ಹೊಂದತಿತ್ತು. ಇದು ಕಮಾಂಡ್ ಬರಲಾರದವರ ಕೆಲಸ. ಪತ್ರ ಬರಿಯೂ ಪ್ರೋಗ್ರಾಂನಾಗ ಈ ಫೈಲ್ ತಗದು ಹೆಸರು ಅಳಿಸ್ಯಾರ. ಇಲ್ಲಿ ಪತ್ರ ಬರಿಯಾವರು ನೀವೊಬ್ರ, ಕಾಕಾ."

ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀ ಮನಿಗೆ ಹೋದಮ್ಯಾಗ ಘೋಡಗೇರಿಯವರ ಫೋನ್ ಬಂದಿತ್ತು," ಎಂದರು ಕಾಕಾ, ತ್ರಿಶಲಾಳ ಮುಖ ನೋಡದೆ. "ವರಗ ನಲವತ್ತು. ವಯಸ್ಸಿಗೆ ಹೊಂದೂ ಕನ್ಯಾ ಬೇಕಂದ್ರು. ನಮ್ಮಲ್ಲಿ ಅಂಥಾಕಿ ನೀ ಒಬ್ಬಾಕಿನ." ಅವರ ದನಿ ಇಳಿಯಿತು. "ನೀ ಹೋದ್ರ ದಿನಾ ನಾ ಯಾರ ಕೂಡ ಮಾತಾಡ್ಲಿ?"

ತ್ರಿಶಲಾ ಹೇಳಿದಳು: "ನಾನೂ ಮನಿಯಾಗ ಗ್ವಾಡಿ ಕೂಡ ಮಾತಾಡ್ತೇನ್ರಿ ಕಾಕಾ. ನಿಮಗ ಒಮ್ಮಿನೂ ಹೇಳಿಲ್ಲ."

ಕುರ್ಚಿ ಎಳೆದುಕೊಂಡು ಪಟ್ಟಿಯ ಕೊನೆಯಲ್ಲಿ ತನ್ನ ಹೆಸರು, ಊರು, ವಯಸ್ಸು ತಾನೇ ತುಂಬಿದಳು. ವಯಸ್ಸು ಒಂದು ವರ್ಷವೂ ಕಡಿಮೆ ಹಾಕಲಿಲ್ಲ. ಪ್ರಿಂಟರ್ ಕಿರುಗುಟ್ಟಿತು. ಕಾಗದವನ್ನು ಹರಿದು ಕಾಕಾರ ಕೈಗಿಟ್ಟಳು.

"ಬಂದವರಿಗೆ ನೀವ ಓದಿ ಹೇಳ್ರಿ."

ಮಧ್ಯಾಹ್ನ ಘೋಡಗೇರಿಯವರು ಬಂದು ಕೂತರು. ಕಾಕಾ ಕನ್ನಡಕ ಏರಿಸಿ, ಪಟ್ಟಿ ಬಿಚ್ಚಿ, ಎಲ್ಲಕ್ಕಿಂತ ಕೊನೆಯಲ್ಲಿದ್ದ ಹೆಸರನ್ನೇ ಮೊದಲು ಓದಿದರು.