ಬಾಚಲೆಯ ಬಿಗಿಮುಷ್ಟಿ

ಬಲು ಹಿಂದಿನ ಮಾತು. ಏಳು ಕಣಿವೆಗಳಾಚೆ ಹೊನ್ನೇರು ಎಂಬ ರಾಜ್ಯವಿತ್ತು. ಅಲ್ಲಿಯ ಅರಸನಿಗೆ ಬಾಚಲೆ ಎಂಬ ಒಬ್ಬಳೇ ಮಗಳು. ಅವಳಿಗೆ ಬೇಕಾದದ್ದೆಲ್ಲ ಇತ್ತು, ಕತ್ತಿ ಕಲಿಸುವ ಗುರು ರೇಚಣ್ಣನವರ ಮೆಚ್ಚುಗೆಯೊಂದನ್ನು ಬಿಟ್ಟು.

ಆ ಮೆಚ್ಚುಗೆ ಸಿಗುತ್ತಿದ್ದದ್ದು ಬಳೆಗಾರನ ಮಗಳು ನಿಂಬಿಗೆ. ನಿಂಬಿ ಗರಡಿಗೆ ಬಂದು ಆರು ತಿಂಗಳಾಗಿತ್ತು, ಅಷ್ಟೆ. ಬಾಚಲೆ ಆರು ವರ್ಷದಿಂದ ಕತ್ತಿ ಹಿಡಿದವಳು. ಆದರೂ ರೇಚಣ್ಣ ದಿನವೂ, "ಅಮ್ಮಣ್ಣಿ, ಹಿಡಿತ ಸಡಿಲ ಮಾಡಿ. ನಿಂಬಿಯ ಕೈ ನೋಡಿ," ಎನ್ನುತ್ತಿದ್ದರು. ಬಾಚಲೆ ನೋಡುತ್ತಿರಲಿಲ್ಲ. ನೋಡಿದರೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು.

ಹೀಗಿರುವಾಗ ಕರಿಬೆಟ್ಟದ ಮಾಂತ್ರಿಕ ದುಗ್ಗಳ ಅರಸನ ನೆರಳನ್ನು ಕದ್ದ. ಬೆಳಗಿನ ಎಳೆಬಿಸಿಲಲ್ಲಿ ಅರಸ ಅಂಗಳದಲ್ಲಿ ನಿಂತಿದ್ದಾಗ, ಉದ್ದಕ್ಕೆ ಬಿದ್ದಿದ್ದ ನೆರಳನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಿಬಿಟ್ಟ. ನೆರಳಿಲ್ಲದ ಅರಸ ದಿನದಿನಕ್ಕೆ ತೆಳುವಾದ. ಐದನೆಯ ದಿನ ಅವನ ಎದೆಯ ಮೂಲಕ ಹಿಂದಿನ ಕಂಬ ಕಾಣತೊಡಗಿತು.

ರೇಚಣ್ಣ ಬಾಚಲೆ, ನಿಂಬಿ ಇಬ್ಬರನ್ನೂ ಕರೆದು ಗರಡಿಯ ಮಂತ್ರದ ಕತ್ತಿ ತಂದರು. ಬೆತ್ತದಷ್ಟು ಸಪೂರವಾದ ಕತ್ತಿ, ಸೂಜಿಯಂಥ ಮೊನೆ.

"ಬೆಟ್ಟದ ಮೂರು ಬಾಗಿಲಿಗೆ ಮೂರು ಮೃಗಗಳಿವೆ. ಒಂದೊಂದರ ಮೈಯಲ್ಲೂ ಒಂದೇ ಒಂದು ಬಿಳಿ ಚುಕ್ಕೆ. ಮೊನೆ ಅಲ್ಲಿ ತಾಗಿದರೆ ಮಾತ್ರ ಸಾಯುತ್ತವೆ. ಇಬ್ಬರೂ ಹೋಗಿಬನ್ನಿ."

"ಅಪ್ಪಾಜಿ ನನ್ನವರು. ಕತ್ತಿ ನನ್ನ ಕೈಲಿರುತ್ತದೆ," ಎಂದಳು ಬಾಚಲೆ.

"ಆಗಲಿ, ಅಮ್ಮಣ್ಣಿ," ಎಂದಳು ನಿಂಬಿ.

ಮೊದಲ ಬಾಗಿಲಲ್ಲಿ ತಾಮ್ರದ ಟಗರು ಕಾಲು ಕೆರೆಯುತ್ತಿತ್ತು. ಬಾಚಲೆ ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಕತ್ತಿ ಹಿಡಿದಳು. ಮೊನೆ ನಡುಗಿತು, ಚುಕ್ಕೆ ತಪ್ಪಿತು, ಟಗರು ಗುದ್ದಿದ ರಭಸಕ್ಕೆ ಕತ್ತಿ ಹಾರಿ ಬಿತ್ತು. ನಿಂಬಿ ಹೆಕ್ಕಿಕೊಂಡು ಒಮ್ಮೆ ಚಾಚಿದಳು. ಟಗರು ಖಾಲಿ ಕೊಡದಂತೆ ಉರುಳಿತು.

"ಅಷ್ಟು ಬಿಗಿ ಬೇಡ, ಅಮ್ಮಣ್ಣಿ. ಹೆಬ್ಬೆರಳನ್ನು..."

"ನಿನ್ನನ್ನು ಕೇಳಿದೆನೇ?"

ಇವಳು ಬೇಕೆಂದೇ ತಪ್ಪು ಹೇಳಿಕೊಡುತ್ತಿದ್ದಾಳೆ, ಹೆಸರೆಲ್ಲ ತನಗೇ ಬರಲಿ ಎಂದು. ಹಾಗೆಂದುಕೊಂಡ ಬಾಚಲೆ ಕತ್ತಿ ಕಸಿದುಕೊಂಡು, ಇನ್ನೂ ಬಿಗಿಯಾಗಿ ಹಿಡಿದು ನಡೆದಳು.

ಎರಡನೆಯ ಬಾಗಿಲಲ್ಲಿ ಗಾಜಿನ ಹಾವು ಹೆಡೆಯೆತ್ತಿತ್ತು. ಅಷ್ಟರಲ್ಲಿ ಬಾಚಲೆಯ ಕೈ ಜೋಮು ಹಿಡಿದಿತ್ತು. ಮತ್ತೆ ಮೊನೆ ನಡುಗಿತು, ಮತ್ತೆ ಚುಕ್ಕೆ ತಪ್ಪಿತು, ಮತ್ತೆ ಕತ್ತಿ ಹಾರಿ ಬಿತ್ತು. ಮತ್ತೆ ನಿಂಬಿಯೇ ಹೆಕ್ಕಿಕೊಂಡಳು. ಹಾವು ಚೂರುಚೂರಾಯಿತು. ಆದರೆ ಒಂದು ಚೂರು ಸಿಡಿದು ನಿಂಬಿಯ ಬಲಗೈಯನ್ನು ಸೀಳಿತು.

ಆ ರಕ್ತ ನೋಡಿ ಬಾಚಲೆಗೆ ಒಂದು ಕ್ಷಣ ಹಿತವಾಯಿತು. ಇನ್ನು ಇವಳ ಕೈಲಾಗದು. ಮರುಕ್ಷಣ, ಹಿತವಾದದ್ದು ತನಗೇ ಗೊತ್ತಾಗಿ ಅವಳ ಮುಖ ಬಿಸಿಯಾಯಿತು. ನಿಂಬಿ ಹಲ್ಲಿನಿಂದ ಸೆರಗು ಹರಿದು ಗಾಯಕ್ಕೆ ಸುತ್ತಿಕೊಳ್ಳುತ್ತ, "ಇನ್ನೊಂದಿದೆ. ನೀವೇ ಮಾಡಬೇಕು," ಎಂದಳು. ದೂರುವ ದನಿಯೇ ಇರಲಿಲ್ಲ.

ಮೂರನೆಯ ಬಾಗಿಲಲ್ಲಿ ಕಬ್ಬಿಣದ ರಣಹದ್ದು ರೆಕ್ಕೆ ಮಸೆಯುತ್ತಿತ್ತು. ಅದರ ಹಿಂದೆ ದುಗ್ಗಳ, ಅರಸನ ನೆರಳನ್ನು ಹಾಸಿಕೊಂಡು ಮಲಗಿದ್ದ. ತಂದೆಯ ನೆರಳು ಅವನ ಮೈಯಡಿ ಮುದುಡಿ ಬಿದ್ದಿದ್ದನ್ನು ಬಾಚಲೆ ನೋಡಿದಳು.

"ನನಗೆ ಬರುವುದಿಲ್ಲ, ನಿಂಬಿ. ನೀನು ಹೇಗೆ ಹಿಡಿಯುತ್ತೀಯೋ ತೋರಿಸು," ಎಂದಳು. 'ಬರುವುದಿಲ್ಲ' ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ಯಾರೆದುರೂ ಆಡಿರಲಿಲ್ಲ.

ನಿಂಬಿ ಎಡಗೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಹೆಬ್ಬೆರಳು ಹಿಡಿಕೆಯ ಮೇಲೆ ಚಪ್ಪಟೆಯಾಗಿರಲಿ. ತೋರುಬೆರಳು ಅದರ ಎದುರಿಗೆ, ಕೆಳಗೆ. ಕತ್ತಿಯನ್ನು ನಡೆಸುವುದು ಇವೆರಡೇ. ಉಳಿದ ಮೂರು ಸುಮ್ಮನೆ ಒರಗಿರಲಿ. ಮೊನೆ ತಾಗುವಾಗ ಮಾತ್ರ ಅವಕ್ಕೆ ಕೆಲಸ. ಬಳೆ ತೊಡಿಸುವಾಗ ನಮ್ಮಪ್ಪ ಹೆಂಗಸರ ಕೈ ಹಿಡಿಯುವುದೂ ಹೀಗೇ, ಮೆತ್ತಗೆ. ಅದುಮಿದರೆ ಬಳೆ ಒಡೆಯುತ್ತದೆ."

ಹದ್ದು ಎರಗಿತು. ಬಾಚಲೆ ತೋಳು ಚಾಚಿದಳು. ಈ ಸಲ ಮೊನೆ ನಡುಗಲಿಲ್ಲ. ತನ್ನ ತೋರುಬೆರಳೇ ಉದ್ದವಾಗಿ ಆ ಬಿಳಿ ಚುಕ್ಕೆಯನ್ನು ಮುಟ್ಟಿದ ಹಾಗಿತ್ತು. ಮುಟ್ಟಿದೊಡನೆ ಮೂರೂ ಬೆರಳು ಬಿಗಿದವು. ಹದ್ದು ಕಬ್ಬಿಣದ ರಾಶಿಯಾಗಿ ಕುಸಿಯಿತು. ದುಗ್ಗಳನ ಪ್ರಾಣ ಅದರಲ್ಲೇ ಇತ್ತು. ಅವನು ಮಲಗಿದಲ್ಲೇ ಬೂದಿಯಾದ.

ಇಬ್ಬರೂ ಒಂದೊಂದು ತುದಿ ಹಿಡಿದು ನೆರಳನ್ನು ಹೊತ್ತು ತಂದು ಅರಸನ ಕಾಲಬುಡದಲ್ಲಿ ಹಾಸಿದರು. ಅರಸನ ಮೈ ತುಂಬಿಕೊಂಡಿತು.

"ಮೃಗಗಳನ್ನು ಕೊಂದದ್ದು ಯಾರಮ್ಮ?" ಎಂದು ಅವನು ಕೇಳಿದ.

ನಿಂಬಿ ನೆಲ ನೋಡುತ್ತ ನಿಂತಿದ್ದಳು. 'ಮೂರನ್ನೂ ನಾನೇ' ಎಂಬ ಮಾತು ಬಾಚಲೆಯ ನಾಲಗೆಯ ತುದಿಗೆ ಬಂದಿತ್ತು.

"ಎರಡನ್ನು ನಿಂಬಿ, ಅಪ್ಪಾಜಿ. ಒಂದನ್ನು ನಾನು. ಅದೂ ಅವಳು ನನ್ನ ಬೆರಳು ಕೂರಿಸಿಕೊಟ್ಟ ಮೇಲೆ."

ರೇಚಣ್ಣನವರಿಗೆ ವಯಸ್ಸಾದ ಮೇಲೆ ಗರಡಿ ನಿಂಬಿಯ ಕೈಗೆ ಬಂತು. ಹೊನ್ನೇರಿನ ಜನ ಉಂಡುಟ್ಟು ನಗುನಗುತ್ತ ಬಾಳಿದರು. ಬಾಚಲೆಯೂ ಸುಖವಾಗಿದ್ದಳು. ಹೊಟ್ಟೆಕಿಚ್ಚು ಮಾತ್ರ ಒಂದೇ ದಿನಕ್ಕೆ ಆರಲಿಲ್ಲ. ಹೊಸ ಹುಡುಗಿಯರು ನಿಂಬಿಯನ್ನು ಮುತ್ತಿಕೊಂಡಾಗ ಒಮ್ಮೊಮ್ಮೆ ಚುರುಕ್ ಎನ್ನುತ್ತಿತ್ತು. ಆಗ ಅವಳೂ ಹೋಗಿ ಆ ಸಾಲಿನ ಕೊನೆಯಲ್ಲಿ ಕತ್ತಿ ಹಿಡಿದು ನಿಲ್ಲುತ್ತಿದ್ದಳು. ನಿಂಬಿ ಬಂದು, ಅರಸುಮಗಳೆಂದು ನೋಡದೆ, ಅವಳ ಹೆಬ್ಬೆರಳನ್ನು ಸರಿಪಡಿಸಿ ಹೋಗುತ್ತಿದ್ದಳು.